ಪಪ್ಪ ದುಬೈಗೆ ಹೋಗಿದ್ದಾರೆ: ಒಂದು ಮನೆ, ಇಬ್ಬರು ಮಕ್ಕಳು

ಚೌತಿ ಕಳೆದು ಒಂದು ವಾರಕ್ಕೆ ಶಾಲೆಯಿಂದ ನನಗೊಂದು ಚೀಟಿ ಬಂತು. "ಐದನೇ ಕ್ಲಾಸು. ದಿನಾ ಇಪ್ಪತ್ತೈದು ನಿಮಿಷ ತಡ. ಬೆಳಿಗ್ಗೆ ಹೊಟ್ಟೆನೋವು ಅನ್ನುತ್ತಾಳೆ, ಡಾಕ್ಟರು ಏನೂ ಇಲ್ಲ ಅಂದಿದ್ದಾರೆ. ಪಾಠದಲ್ಲಿ ಗಮನ ಇಲ್ಲ." ಇಷ್ಟೇ.

ನಾನು ಉಡುಪಿ ಸುತ್ತಮುತ್ತಲಿನ ಕೆಲವು ಶಾಲೆಗಳಿಗೆ ಹೋಗುವ ಆಪ್ತ ಸಮಾಲೋಚಕಿ. ಈ ಹುಡುಗಿಯ ಹೆಸರು, ಊರು ಇಲ್ಲಿ ಬರೆಯುವುದಿಲ್ಲ. ಗುರುತು ಸಿಗುವಂಥ ಕೆಲವು ವಿವರಗಳನ್ನೂ ಬದಲಿಸಿದ್ದೇನೆ. ಅವಳಿಗೆ ಹತ್ತು ವರ್ಷ, ಅವಳ ತಮ್ಮನಿಗೆ ಐದೂವರೆ. ಇಬ್ಬರನ್ನೂ ಅಕ್ಕ, ತಮ್ಮ ಅಂತಲೇ ಕರೆಯುತ್ತೇನೆ.

ಮೊದಲ ದಿನ ಎಲ್ಲ ಮಕ್ಕಳಿಗೆ ಕೇಳುವ ಹಾಗೆ ಇವಳಿಗೂ ಕೇಳಿದೆ. ಮನೆಯಲ್ಲಿ ಯಾರ್ಯಾರಿದ್ದಾರೆ? ಅಮ್ಮ, ಅಜ್ಜಿ, ತಮ್ಮ. ಪಪ್ಪ? "ದುಬೈಯಲ್ಲಿ." ನಾನು ಹಾಗೇ ಬರೆದುಕೊಂಡೆ. ನಮ್ಮ ಕಡೆ ಇದು ದಿನಾ ಕೇಳುವ ಉತ್ತರ. ಅಪ್ಪ ಗಲ್ಫ್‌ನಲ್ಲಿರುವ ಮಕ್ಕಳು ಎಲ್ಲ ಶಾಲೆಯಲ್ಲೂ ಇದ್ದಾರೆ. ಹೊಸದಾಗಿ ಹೋಗಿರಬೇಕು, ಅದಕ್ಕೇ ಮಗು ಮಂಕಾಗಿದೆ ಅಂದುಕೊಂಡೆ. ಮೂರು ವಾರ ಅದೇ ದಾರಿಯಲ್ಲಿ ಕೆಲಸ ಮಾಡಿದೆ. ವಿಮಾನದ ಚಿತ್ರ ಬರೆಸಿದೆ. ಅವಳು ಚಂದದ ವಿಮಾನ ಬರೆದಳು. ಹದಿನಾಲ್ಕು ಕಿಟಕಿ. ಒಂದರಲ್ಲೂ ಮನುಷ್ಯರಿರಲಿಲ್ಲ. ಆಗಲಾದರೂ ನನಗೆ ಅನುಮಾನ ಬರಬೇಕಿತ್ತು. ಬರಲಿಲ್ಲ.

ಬಂದದ್ದು ಅವಳ ಯೂನಿಫಾರ್ಮ್ ಲಂಗ ನೋಡಿ. ಅಂಚಿನ ತುಂಬ ಅಂಟುವ ಹುಲ್ಲಿನ ಬೀಜ, ಮೇಲೆ ಒಣಗಿದ ಕೆಸರು. ಪೇಟೆಯ ಡಾಮರು ರಸ್ತೆಯಲ್ಲಿ ಬರುವ ಮಗುವಿನ ಲಂಗ ಹೀಗಿರುವುದಿಲ್ಲ, ಅಲ್ವಾ? ಮರುದಿನ ಬೆಳಿಗ್ಗೆ ಅವಳ ಅಮ್ಮನಿಗೆ ಫೋನ್ ಮಾಡಿ, "ಇವತ್ತು ನಾನೂ ಇವಳ ಜೊತೆ ನಡೆದು ಬರುತ್ತೇನೆ" ಎಂದೆ.

ಮನೆಯಿಂದ ಐದು ನಿಮಿಷ ನಡೆದ ಮೇಲೆ ಒಂದು ತಿರುವು. ಎಡಕ್ಕೆ ಪೇಟೆ ರಸ್ತೆ, ಅದರಲ್ಲೇ ನೇರ ಹೋದರೆ ಶಾಲೆ. ಅವಳು ಅಲ್ಲಿ ನಿಂತಳು.

"ಟೀಚರ್, ಈ ಕಡೆಯಿಂದ ಹೋಗುವ."

"ಶಾಲೆ ಆ ಕಡೆ ಅಲ್ವಾ?"

"ಆ ಕಡೆ ಹನ್ನೊಂದು ಅಂಗಡಿ ಉಂಟು."

ನನಗೆ ಅರ್ಥ ಆಗಲಿಲ್ಲ. ಸುಮ್ನೆ ಹಿಂದೆ ಹೋದೆ. ಬಲಕ್ಕೆ ಇಳಿದು ಗದ್ದೆ ಹುಣಿ ಹಿಡಿದೆವು. ಪೈರು ತೆನೆಗೆ ಬಂದಿತ್ತು, ಹುಣಿಯ ಮೇಲೆ ಒಬ್ಬರು ಹೋಗುವಷ್ಟೇ ಜಾಗ. ಅವಳು ಮುಂದೆ, ನಾನು ಹಿಂದೆ. ಅರ್ಧ ದಾರಿಯಲ್ಲಿ, ಹಿಂದೆ ತಿರುಗದೆ, ಅವಳು ಹೇಳಿದಳು. "ಪಪ್ಪ ಪಿಗ್ಮಿ ಕಲೆಕ್ಟ್ ಮಾಡ್ತಿದ್ರು. ಶನಿವಾರ ನಾನೂ ಹೋಗ್ತಿದ್ದೆ. ಮಿಷನ್ನಿಂದ ಚೀಟಿ ಹರಿದು ಕೊಡುದು ನಾನೇ."

ಇನ್ನೂ ಸ್ವಲ್ಪ ದೂರ ಹೋದ ಮೇಲೆ, "ಅವರು ದುಬೈಗೆ ಹೋಗಲಿಲ್ಲ ಟೀಚರ್."

ನನ್ನ ರೂಮಿನಲ್ಲಿ, ಎದುರುಬದುರು ಕುರ್ಚಿಯಲ್ಲಿ ಮೂರು ವಾರ ಬಾರದ ಮಾತು ಗದ್ದೆಯಲ್ಲಿ ಬಂತು. ಮುಖ ಕಾಣದಿದ್ದರೆ ಮಕ್ಕಳಿಗೆ ಮಾತು ಸಲೀಸು. ಆಮೇಲೆ ನಾನು ಜಾಸ್ತಿ ಮಕ್ಕಳ ಜೊತೆ ನಡೆದುಕೊಂಡೇ ಮಾತಾಡುತ್ತೇನೆ.

ಪಿಗ್ಮಿಯವರು

ಹೊರಗಿನವರಿಗಾಗಿ ಒಂದು ಮಾತು. ಪಿಗ್ಮಿ ಹುಟ್ಟಿದ್ದೇ ನಮ್ಮ ನೆಲದಲ್ಲಿ. ಉಡುಪಿಯಲ್ಲಿ 1925ರಲ್ಲಿ ಶುರುವಾಗಿ ಮುಂದೆ ಸಿಂಡಿಕೇಟ್ ಬ್ಯಾಂಕ್ ಆದ ಸಂಸ್ಥೆ 1928ರಲ್ಲಿ ಈ ಠೇವಣಿ ತಂದಿತು. ದಿನಕ್ಕೆ ಎರಡಾಣೆ ಕೊಟ್ಟರೂ ಸಾಕು, ಏಜೆಂಟು ಮನೆ ಬಾಗಿಲಿಗೆ ಬಂದು ತೆಗೆದುಕೊಂಡು ಹೋಗುತ್ತಿದ್ದ. ಈಗ ಬ್ಯಾಂಕಿಗಿಂತ ಜಾಸ್ತಿ ಊರೂರಿನ ಸೊಸೈಟಿಗಳು ಇದನ್ನು ನಡೆಸುತ್ತವೆ. ದಿನಾ ಸಂಜೆ ಬರುವ ಪಿಗ್ಮಿಯವರು ಅಂದರೆ ಅರ್ಧ ನೆಂಟರು. ಯಾರ ಮಗಳ ಮದುವೆಗೆ ಎಷ್ಟು ಕೂಡಿತು, ಯಾರ ಅಂಗಡಿಗೆ ವ್ಯಾಪಾರ ಇಲ್ಲ, ಎಲ್ಲ ಅವರಿಗೆ ಗೊತ್ತು.

ಈ ಮಕ್ಕಳ ಅಪ್ಪ ಅಂಥವರು. ಸೊಸೈಟಿಯ ಲೆಕ್ಕ ತಪಾಸಣೆಯಲ್ಲಿ, ಅವರು ವಸೂಲು ಮಾಡಿದ ಹಣಕ್ಕೂ ಕಟ್ಟಿದ ಹಣಕ್ಕೂ ತಾಳೆ ಆಗಲಿಲ್ಲ. ದೂರು ಹೋಯಿತು. ನಂಬಿಕೆ ದ್ರೋಹದ ಕೇಸು. ಹಿಂದೆ ಐಪಿಸಿ 409 ಅನ್ನುತ್ತಿದ್ದದ್ದು, ಈಗ ಭಾರತೀಯ ನ್ಯಾಯ ಸಂಹಿತೆಯ 316(5). ಜೀವಾವಧಿಯವರೆಗೂ ಶಿಕ್ಷೆ ಇರುವ ಕಲಮು, ಜಾಮೀನು ಸುಲಭ ಅಲ್ಲ. ಅವರು ಹಣ ತೆಗೆದಿದ್ದಾರೋ ಇಲ್ಲವೋ ಕೋರ್ಟು ಹೇಳಬೇಕು. ನನ್ನ ಕೆಲಸ ಅದಲ್ಲ.

ಆದರೆ ಕೇಸಿನ ಬಗೆ ಮಕ್ಕಳ ಪಾಡನ್ನು ಬದಲಿಸುತ್ತದೆ. ದೂರದ ಊರಲ್ಲಿ ಏನೋ ಗಲಾಟೆ ಮಾಡಿ ಒಳಗೆ ಹೋದವರ ಮಗು ತನ್ನ ಊರಿನಲ್ಲಿ ತಲೆ ಎತ್ತಿ ನಡೆಯಬಹುದು. ಇಲ್ಲಿ ಹಣ ಕಳೆದುಕೊಂಡವರೆಲ್ಲ ಶಾಲೆಯ ದಾರಿಯಲ್ಲೇ ಕೂತಿದ್ದರು. ಚೀಟಿ ಹರಿದು ಕೊಟ್ಟ ಕೈ ಅಕ್ಕನದ್ದು. "ನಾನೂ ಸೇರಿ ಮೋಸ ಮಾಡಿದ್ದು" ಎಂದು ಅವಳು ನಂಬಿದ್ದಳು. ಇದು ನನಗೆ ಗೊತ್ತಾಗಲು ಇನ್ನೂ ಒಂದು ತಿಂಗಳು ಬೇಕಾಯಿತು.

ಆ ಬೆಳಿಗ್ಗೆ

ಆಟಿ ತಿಂಗಳು, ಜಡಿ ಮಳೆ, ಕರೆಂಟಿಲ್ಲ. ಆರು ಗಂಟೆಗೆ ಇನ್ನೂ ಹದಿನೈದು ನಿಮಿಷ. ಅಕ್ಕ ಎದ್ದು ಜಗಲಿಯಲ್ಲಿ ಹಲ್ಲುಜ್ಜುತ್ತಿದ್ದಳು. ಜೀಪಿನ ಬಾಗಿಲಿನ ಶಬ್ದ ಕೇಳಿತು. ನಾಲ್ಕು ಜನ. ಪಪ್ಪ ಲುಂಗಿಯಲ್ಲಿದ್ದರು, ಅಂಗಿ ಹಾಕಿಕೊಳ್ಳಲು ಬಿಟ್ಟರು. ಯಾರೂ ಹೊಡೆಯಲಿಲ್ಲ, ಜೋರು ಮಾತೂ ಇಲ್ಲ. ಮನೆ ಹುಡುಕಿದರು. ಲೆಕ್ಕದ ಪುಸ್ತಕ ಸಿಗಬಹುದು ಅಂತ ಒಬ್ಬರು ಅವಳ ಶಾಲೆ ಬ್ಯಾಗನ್ನೂ ಬಿಡಿಸಿ ನೆಲಕ್ಕೆ ಸುರಿದರು. ಕಂಪಾಸು ಬಾಕ್ಸು ಬಿದ್ದು ತೆರೆದುಕೊಂಡಿತು. ಹೊರಡುವಾಗ ಪಪ್ಪ ಅವಳಿಗೆ ಹೇಳಿದ್ದು ಒಂದೇ ಮಾತು: "ತಮ್ಮನನ್ನು ನೋಡಿಕೋ."

ಅವಳು ಇದನ್ನು ನನಗೆ ಹೇಳಿದ್ದು ಒಂದೇ ಸಲಕ್ಕಲ್ಲ. ಒಂದು ದಿನ ಬ್ಯಾಗು. ಇನ್ನೊಂದು ದಿನ ಲುಂಗಿ. ಜೀಪಿನ ಬಾಗಿಲು ಕೊನೆಗೆ. ತರಗತಿಯಲ್ಲಿ "ಗಮನ ಇಲ್ಲ" ಎಂದಿದ್ದರಲ್ಲ, ನಾನು ಹಿಂದಿನ ಬೆಂಚಿನಲ್ಲಿ ಕೂತು ನೋಡಿದೆ. ಒಂದು ಪೀರಿಯಡ್ಡಿನಲ್ಲಿ ಆರು ಸಲ ಬ್ಯಾಗಿನ ಜಿಪ್ಪು ಎಳೆದು ನೋಡಿದಳು. ಹೊರಗೆ ಯಾವುದೋ ಗಾಡಿಯ ಬಾಗಿಲು ಹಾಕಿದ ಶಬ್ದಕ್ಕೆ ಭುಜ ಕಿವಿಯವರೆಗೆ ಏರಿತು. ಹೊಟ್ಟೆನೋವೂ ಮಳೆ ಬಂದ ಬೆಳಿಗ್ಗೆಗಳಲ್ಲೇ ಜಾಸ್ತಿ. ತಗಡಿನ ಮೇಲೆ ಮಳೆ ಬೀಳುವ ಶಬ್ದ ಅವಳಿಗೆ ಆ ದಿನದ ಶಬ್ದ.

ದೊಡ್ಡವರು ಈ ಪೆಟ್ಟನ್ನು ಲೆಕ್ಕಕ್ಕೇ ಹಿಡಿಯುವುದಿಲ್ಲ. ಯಾರೂ ಕೈ ಮಾಡಲಿಲ್ಲವಲ್ಲ ಅನ್ನುತ್ತಾರೆ. ಮಗುವಿಗೆ ಅಪ್ಪ ಅಂದರೆ ಮನೆಯಲ್ಲಿ ಎಲ್ಲರಿಗಿಂತ ದೊಡ್ಡವನು. ಅವನನ್ನೇ ನಾಲ್ಕು ಜನ ಬಂದು ಎಬ್ಬಿಸಿಕೊಂಡು ಹೋಗುತ್ತಾರೆ, ಅವನು ಎದುರು ಮಾತಾಡದೆ ಹೋಗುತ್ತಾನೆ ಎಂದರೆ, ಆ ಮನೆಯ ಬಾಗಿಲಿನ ಚಿಲಕಕ್ಕೆ ಇನ್ನು ಏನು ಬೆಲೆ?

ದುಬೈ ಯಾರ ಐಡಿಯಾ

ಮನೆಗೆ ಹೋದೆ. ಅಮ್ಮ ಮೊರ ಇಟ್ಟುಕೊಂಡು ಬೀಡಿ ಕಟ್ಟುತ್ತಿದ್ದರು. ಮದುವೆಯಾದ ಮೇಲೆ ಬಿಟ್ಟಿದ್ದ ಕೆಲಸ, ಈಗ ಮತ್ತೆ ಹಿಡಿದದ್ದು. ಅಜ್ಜಿ ನನ್ನನ್ನು ನೋಡಿ ಎದ್ದು ಒಳಗೆ ಹೋದವರು ಹತ್ತು ನಿಮಿಷ ಹೊರಗೇ ಬರಲಿಲ್ಲ.

ದುಬೈ ಹುಟ್ಟಿಸಿದ್ದು ಅಮ್ಮನ ಅಣ್ಣ. ಅವರು ನಿಜಕ್ಕೂ ಅಲ್ಲೇ ಇರುವವರು. ಅದೇ ದಿನ ರಾತ್ರಿ ಫೋನಿನಲ್ಲಿ ಹೇಳಿದರಂತೆ, ಕೇಳಿದವರಿಗೆ ನನ್ನ ಹತ್ತಿರ ಬಂದಿದ್ದಾನೆ ಅಂತ ಹೇಳಿ ಎಂದು. ಊರಿನವರು ಯಾರೂ ನಂಬಲಿಲ್ಲ. ಪೇಪರಿನಲ್ಲಿ ಬಂದಿತ್ತು, ವಾಟ್ಸಾಪ್ ಗ್ರೂಪಿನಲ್ಲಿ ಫೋಟೋ ಓಡಾಡಿತ್ತು. ಆ ಸುಳ್ಳನ್ನು ನಂಬಿದವರು ಇಬ್ಬರೇ, ತಮ್ಮ ಮತ್ತು ನಾನು. ಶಾಲೆಯಲ್ಲಿ ಕೇಳಿದರೆ ಹೀಗೇ ಹೇಳು, ತಮ್ಮನಿಗೆ ಗೊತ್ತಾಗಬಾರದು ಎಂದು ಅಕ್ಕನಿಗೆ ತಾಕೀತು ಮಾಡಿದ್ದರು.

"ಎಂತ ಮಾಡುದು ಮಾರಾಯ್ರೆ," ಎಂದರು ಅಜ್ಜಿ, ಕೊನೆಗೆ ಚಾ ತಂದು ಇಟ್ಟು. "ಸಣ್ಣ ಮಕ್ಕಳಿಗೆ ಜೈಲು ಅಂತ ಹೇಳ್ಲಿಕ್ಕೆ ಆಗ್ತದಾ? ನಿಮ್ಮ ಮಕ್ಕಳಾದ್ರೆ ನೀವು ಹೇಳ್ತಿದ್ರಾ?"

ನ್ಯಾಯವಾದ ಪ್ರಶ್ನೆ. ಅವತ್ತು ನಾನು ಉತ್ತರ ಕೊಡಲಿಲ್ಲ. ಆದರೆ ಈ ಮನೆಯಲ್ಲಿ ಆ ಸುಳ್ಳು ಏನು ಮಾಡುತ್ತಿತ್ತು ಎಂಬುದು ಮುಂದಿನ ಅರ್ಧ ಗಂಟೆಯಲ್ಲೇ ಕಂಡಿತು.

ತಮ್ಮ ಅಂಗಳದಲ್ಲಿ ಆಡುತ್ತಿದ್ದ. ಎರಡು ಪ್ಲಾಸ್ಟಿಕ್ ಸ್ಟೂಲು ಮಗುಚಿ ಹಾಕಿದ್ದ, ಅದು ಗಾಡಿ. ಒಂದು ಗೊಂಬೆಯನ್ನು ಅದರೊಳಗೆ ಕೂರಿಸುತ್ತಾನೆ, ಟಪ್ ಎಂದು ಬಾಗಿಲು ಹಾಕಿದ ಹಾಗೆ ತಟ್ಟುತ್ತಾನೆ, "ಹೋಯ್ತು" ಅನ್ನುತ್ತಾನೆ. ಗೊಂಬೆ ತೆಗೆಯುತ್ತಾನೆ, ಮತ್ತೆ ಕೂರಿಸುತ್ತಾನೆ. ನಾನು ಹನ್ನೆರಡರವರೆಗೆ ಎಣಿಸಿ ನಿಲ್ಲಿಸಿದೆ. ಒಂದು ಸಲವೂ ನಗಲಿಲ್ಲ, ಆಟ ಮುಂದೆ ಹೋಗಲೂ ಇಲ್ಲ. ಆ ದಿನ ಅವನು ಅಜ್ಜಿಯ ಮಡಿಲಲ್ಲಿ ನಿದ್ದೆಯಲ್ಲಿದ್ದ, ಏನೂ ನೋಡಿಲ್ಲ ಎಂದು ಮನೆಯವರ ನಂಬಿಕೆ. 1976ರಲ್ಲಿ ಅಮೆರಿಕದ ಚೌಚಿಲ್ಲಾ ಎಂಬಲ್ಲಿ ಶಾಲಾ ಬಸ್ಸಿನೊಂದಿಗೆ ಅಪಹರಣವಾಗಿದ್ದ 26 ಮಕ್ಕಳಲ್ಲಿ ಹೆಚ್ಚಿನವರನ್ನು ಲೆನೋರ್ ಟೆರ್ ಎಂಬ ಮನೋವೈದ್ಯೆ ಅಧ್ಯಯನ ಮಾಡಿದ್ದರು. ಆಘಾತವಾದ ಮಗುವಿನ ಇಂಥ ಖುಷಿಯಿಲ್ಲದ, ಸುತ್ತಿ ಸುತ್ತಿ ಅಲ್ಲೇ ಬರುವ ಆಟವನ್ನು ವಿವರವಾಗಿ ಬರೆದವರು ಅವರು. ನಾನು ಓದಿದ್ದೆ. ಅಂಗಳದಲ್ಲಿ ನಿಂತು ನೋಡಿದ್ದು ಅದೇ ಮೊದಲು.

ಅವನು ಮತ್ತೆ ಹಾಸಿಗೆ ಒದ್ದೆ ಮಾಡಲು ಶುರು ಮಾಡಿದ್ದ. ಯುಕೆಜಿ ಬಿಡಿಸಿ ಅಂಗನವಾಡಿಗೆ ಹಾಕಿದ್ದರು, ಫೀಸು ಕಟ್ಟಲಾಗದೆ. ದೈವದ ಸ್ಥಾನದಿಂದ ಹೆದರಿಕೆಗೆ ನೂಲು ತಂದು ಕಟ್ಟಿದ್ದರು. ಎರಡು ರಾತ್ರಿ ಚೆನ್ನಾಗಿ ಮಲಗಿದನಂತೆ. ಇರಲಿ, ನೂಲು ಬಿಚ್ಚಿ ಎಂದು ನಾನು ಯಾವತ್ತೂ ಹೇಳುವುದಿಲ್ಲ. ಯಾರೋ ನನ್ನನ್ನು ಕಾಯುತ್ತಿದ್ದಾರೆ ಎಂದು ಮಗುವಿಗೆ ಅನ್ನಿಸಿದರೆ ಅಷ್ಟು ಒಳ್ಳೆಯದೇ.

ಪಕ್ಕದ ಮನೆಯ ಹುಡುಗನ ಅಪ್ಪ ಕತಾರಿನಲ್ಲಿದ್ದಾರೆ. ಶುಕ್ರವಾರ ವಿಡಿಯೋ ಕಾಲ್ ಬರುತ್ತದೆ. ಊರಿಗೆ ಬರುವವರ ಕೈಯಲ್ಲಿ ಚಾಕಲೇಟು, ಹಾಲಿನ ಪುಡಿ ಬರುತ್ತದೆ. ತಮ್ಮ ಅದನ್ನೆಲ್ಲ ನೋಡುತ್ತಾನೆ. ಅವನ ಪಪ್ಪನಿಂದ ಫೋನೂ ಇಲ್ಲ, ಚಾಕಲೇಟೂ ಇಲ್ಲ. ದೊಡ್ಡವರಿಗೆ ಜೈಲಿಗಿಂತ ದುಬೈ ಗೌರವ ಅನ್ನಿಸಿತ್ತು. ಐದೂವರೆ ವರ್ಷದವನು ಅದರಿಂದ ಕಂಡುಕೊಂಡ ಅರ್ಥ: ಪಪ್ಪ ಫೋನ್ ಮಾಡಬಹುದು, ಆದರೂ ಮಾಡುವುದಿಲ್ಲ, ಪಪ್ಪನಿಗೆ ನಾನು ಬೇಡ. ಸುಳ್ಳಿಗೆ ಕಾವಲು ಕೂತವಳು ಅಕ್ಕ. ಅವನು ಕೇಳಿದಾಗಲೆಲ್ಲ ಒಂದೊಂದು ಕಥೆ ಕಟ್ಟಬೇಕು. ಅಲ್ಲಿ ನೆಟ್‌ವರ್ಕ್ ಇಲ್ಲ. ಮೊಬೈಲು ನೀರಿಗೆ ಬಿತ್ತು. "ನಿನ್ನೆ ಹೇಳಿದ ಕಥೆ ನೆನಪಿಟ್ಟುಕೊಳ್ಬೇಕಲ್ಲ ಟೀಚರ್, ಅದೇ ಕಷ್ಟ."

ಏನೆಂದು ಬರೆಯುವುದು

ತಾಲೂಕು ಆಸ್ಪತ್ರೆಯಲ್ಲಿ ಮಂಗಳವಾರದ ಮನೋಚೈತನ್ಯ ಕ್ಲಿನಿಕ್ಕಿಗೆ ಇಬ್ಬರನ್ನೂ ಕರೆದುಕೊಂಡು ಹೋದೆವು. ನಾನು ಪಿಟಿಎಸ್‌ಡಿ (ಆಘಾತದ ನಂತರ ಉಳಿಯುವ ಮಾನಸಿಕ ಕಾಯಿಲೆ) ಎಂದು ಮನಸ್ಸಿನಲ್ಲೇ ಬರೆದುಕೊಂಡು ಹೋಗಿದ್ದೆ. ಮನೋವೈದ್ಯರು ಒಪ್ಪಲಿಲ್ಲ. 2013ರ ಡಿಎಸ್‌ಎಂ-5 (ಅಮೆರಿಕದ ಮನೋವೈದ್ಯರ ಕಾಯಿಲೆ ಕೈಪಿಡಿ) ಪ್ರಕಾರ ಅದಕ್ಕೆ ಸಾವು, ಗಂಭೀರ ಗಾಯ ಅಥವಾ ಲೈಂಗಿಕ ಹಿಂಸೆಯ ಅನುಭವ ಇರಬೇಕು, ಇಲ್ಲವೇ ಅದರ ಬೆದರಿಕೆಯಾದರೂ. ಆರು ವರ್ಷದವರೆಗಿನ ಮಕ್ಕಳಿಗೆ ಅದರಲ್ಲಿ ಬೇರೆ ಮಾನದಂಡವೇ ಇದೆ, ಆದರೂ ಈ ಷರತ್ತು ಬಿಡುವುದಿಲ್ಲ. ಶಾಂತವಾಗಿ ನಡೆದ ಬಂಧನ ಅದರೊಳಗೆ ಕೂರುವುದಿಲ್ಲ. ಅವರು ಹೊಂದಾಣಿಕೆಯ ಸಮಸ್ಯೆ ಎಂದು ಬರೆದರು. ಔಷಧ ಕೊಡಲಿಲ್ಲ. ಆಗ ನನಗೆ ಸ್ವಲ್ಪ ಬೇಸರವಾಗಿತ್ತು. ಈಗ ಅನ್ನಿಸುತ್ತದೆ, ಅವರು ಮಾಡಿದ್ದೇ ಸರಿ. ಹೆಸರು ಏನಾದರೂ ಇರಲಿ, ಬೆಚ್ಚಿ ಬೀಳುವುದು, ಪೇಟೆ ದಾರಿ ಬಿಟ್ಟು ಹೋಗುವುದು, ಮತ್ತೆ ಮತ್ತೆ ನೆನಪು ಬರುವುದು ಇದ್ದೇ ಇತ್ತಲ್ಲ, ಕೆಲಸ ಅದರ ಮೇಲೆ.

ಮನೆಯವರೊಬ್ಬರು ಜೈಲಿಗೆ ಹೋಗುವುದನ್ನು ಬಾಲ್ಯದ ಕಷ್ಟಗಳ ಪಟ್ಟಿಗೆ ಸೇರಿಸಿದ್ದು 1998ರಲ್ಲಿ ಬಂದ ಫೆಲಿಟಿ ಮತ್ತು ಆಂಡಾ ಅವರ ಅಮೆರಿಕದ ಅಧ್ಯಯನ. ನನಗೆ ಅದಕ್ಕಿಂತ ಉಪಯೋಗಕ್ಕೆ ಬಂದದ್ದು ಅಮೆರಿಕದ ಕುಟುಂಬ ಚಿಕಿತ್ಸಕಿ ಪಾಲಿನ್ ಬಾಸ್ ಹೇಳಿದ ಒಂದು ಮಾತು, ಅಸ್ಪಷ್ಟ ಅಗಲಿಕೆ. ಇದ್ದಾರೆ, ಆದರೆ ಇಲ್ಲ. ಸತ್ತರೆ ಹದಿಮೂರನೇ ದಿನ ನೆಂಟರು ಬಂದು ಊಟ ಮಾಡಿ ಹೋಗುತ್ತಾರೆ. ಗಲ್ಫಿಗೆ ಹೋದರೆ ರಜೆಗೆ ಬರುವ ತಾರೀಕು ಇರುತ್ತದೆ. ಜೈಲಿಗೆ ಹೋದರೆ ಎರಡೂ ಇಲ್ಲ. ಅದರಲ್ಲೂ ವಿಚಾರಣಾಧೀನ ಕೈದಿಯಾದರೆ ಯಾವಾಗ ಬರುತ್ತಾರೆ ಎಂದು ವಕೀಲರೂ ಹೇಳಲಾರರು. ನಮ್ಮ ದೇಶದ ಜೈಲುಗಳಲ್ಲಿ ನಾಲ್ಕರಲ್ಲಿ ಸುಮಾರು ಮೂವರು ಇಂಥವರೇ.

ಹೇಳಿದ್ದು

ಒಪ್ಪಿಸಲು ಮೂರು ಭೇಟಿ ಬೇಕಾಯಿತು. ಅಜ್ಜಿಯ ಪ್ರಶ್ನೆಗೆ ನಾನು ಕೊಟ್ಟ ಉತ್ತರ ಇದು: "ನೀವು ಹೇಳದಿದ್ದರೆ ಅಂಗನವಾಡಿಯಲ್ಲಿ ಯಾರೋ ಹೇಳುತ್ತಾರೆ. ಆಗ ನಿಮ್ಮ ಮಡಿಲು ಹತ್ತಿರ ಇರುವುದಿಲ್ಲ." ಮಕ್ಕಳ ಹಕ್ಕುಗಳ ಒಡಂಬಡಿಕೆಗೆ ಭಾರತ 1992ರಲ್ಲೇ ಸೇರಿದೆ. ಅಪ್ಪ ಅಥವಾ ಅಮ್ಮನನ್ನು ಸರಕಾರವೇ ಬಂಧಿಸಿ ಬೇರೆ ಮಾಡಿದ್ದರೆ ಅವರು ಎಲ್ಲಿದ್ದಾರೆಂದು ಕೇಳಿದರೆ ತಿಳಿಸಬೇಕು, ಮಗುವಿಗೆ ಕೆಡುಕಾಗುವಂತಿದ್ದರೆ ಮಾತ್ರ ಬೇಡ ಎಂದು ಅದರ 9ನೇ ವಿಧಿ ಹೇಳುತ್ತದೆ. ಇದನ್ನು ಅಜ್ಜಿಗೆ ಹೇಳಲಿಲ್ಲ, ಹೇಳಿ ಪ್ರಯೋಜನವೂ ಇರಲಿಲ್ಲ.

ದೀಪಾವಳಿ ಕಳೆದ ಭಾನುವಾರ ಅಮ್ಮನೇ ಹೇಳಿದರು. ನಾನು ಮೆಟ್ಟಿಲ ಮೇಲೆ ಕೂತಿದ್ದೆ. ಮಾತುಗಳನ್ನು ಮೊದಲೇ ಸೇರಿ ತಯಾರು ಮಾಡಿದ್ದೆವು. "ಪಪ್ಪ ದುಬೈಯಲ್ಲಿ ಇಲ್ಲ. ಹಿರಿಯಡ್ಕದ ಜೈಲಿನಲ್ಲಿದ್ದಾರೆ. ಹಣದ ಲೆಕ್ಕ ಸರಿ ಇಲ್ಲ ಅಂತ ಕೇಸು ಆಗಿದೆ. ಪಪ್ಪ ತಪ್ಪು ಮಾಡಿದ್ದಾರಾ ಇಲ್ಲವಾ ಅಂತ ಜಡ್ಜ್ ನೋಡ್ತಾರೆ. ಅಲ್ಲಿ ಊಟ ಉಂಟು, ಮಲಗ್ಲಿಕ್ಕೆ ಜಾಗ ಉಂಟು. ಯಾವಾಗ ಬರ್ತಾರೆ ಅಂತ ನನಗೆ ಗೊತ್ತಿಲ್ಲ. ಗೊತ್ತಾದ ದಿನವೇ ನಿಮಗೆ ಹೇಳ್ತೇನೆ." ಅಕ್ಕ ನೆಲ ನೋಡುತ್ತಿದ್ದಳು. ತಮ್ಮ ಕೇಳಿದ ಮೊದಲ ಪ್ರಶ್ನೆ, "ಅಲ್ಲಿ ಮೀನು ಕೊಡ್ತಾರಾ?"

ಎಲ್ಲರೂ ನಕ್ಕರು. ಅಜ್ಜಿ ನಗುತ್ತಲೇ ಸೆರಗಿನಿಂದ ಕಣ್ಣೊರೆಸಿಕೊಂಡರು.

ಆಮೇಲೆ ಅವನು ಎದ್ದು ಹೋದ. ಕಾಂಪೌಂಡಿನ ಕೆಂಪುಕಲ್ಲಿನ ಗೋಡೆಯ ಒಂದು ತೂತಿಗೆ ಬೆರಳು ಹಾಕಿ ಏನೋ ಕೆದಕುತ್ತಿದ್ದ. ಹತ್ತು ರೂಪಾಯಿಯ ನಾಣ್ಯ ತಂದು ಅಮ್ಮನ ಮೊರದಲ್ಲಿ ಇಟ್ಟ, ಬೀಡಿಗಳ ನಡುವೆ. ಪಪ್ಪನ ಪಿಗ್ಮಿ ಚೀಲದಿಂದ ತೆಗೆದದ್ದು, ಜೀಪು ಬಂದ ಹಿಂದಿನ ದಿನ. "ಇದನ್ನು ಕೊಟ್ರೆ ಬಿಡ್ತಾರಾ?"

ಮೂರು ತಿಂಗಳಿಗೂ ಜಾಸ್ತಿ. ಲೆಕ್ಕದಲ್ಲಿ ಹಣ ಕಡಿಮೆ ಬಂದಿದೆ ಎಂದು ದೊಡ್ಡವರು ಪಿಸುಗುಟ್ಟಿದ್ದು ಅವನ ಕಿವಿಗೂ ಬಿದ್ದಿತ್ತು. ಆ ಕಡಿಮೆ ಬಂದದ್ದು ತಾನು ತೆಗೆದ ಹತ್ತು ರೂಪಾಯಿ. ಈ ವಯಸ್ಸಿನ ಮಕ್ಕಳು ಊರಲ್ಲಿ ಏನೇ ಆದರೂ ಅದಕ್ಕೆ ತಾವೇ ಕಾರಣ ಅಂದುಕೊಳ್ಳುತ್ತಾರೆ, ಅದು ಅವರ ಬುದ್ಧಿಯ ಬೆಳವಣಿಗೆಯ ಒಂದು ಹಂತ. ಪುಸ್ತಕದಲ್ಲಿ ಓದಿದ ಈ ಮಾತನ್ನು ನಾನು ಎಷ್ಟೋ ಸಲ ತರಬೇತಿಗಳಲ್ಲಿ ಹೇಳಿದ್ದೇನೆ. ಇನ್ನು ಮುಂದೆ ಆ ನಾಣ್ಯ ನೆನಪಾಗದೆ ಹೇಳಲಾರೆ. ಅದನ್ನು ನೋಡಿ ಅಕ್ಕನಿಗೂ ಬಾಯಿ ಬಂತು. "ಚೀಟಿ ಹರಿದು ಕೊಟ್ಟದ್ದು ನಾನಲ್ವಾ ಅಮ್ಮ?"

ಹಿರಿಯಡ್ಕ

ಪಪ್ಪನಿಂದ ಮೊದಲು ಪತ್ರ ಬರಲಿ ಎಂದು ಹೇಳಿದ್ದೆ. ಅದಕ್ಕೆ ವಕೀಲರು ಒಂದು ತಡೆ ಹಾಕಿದರು: ಜೈಲಿನಿಂದ ಹೋಗುವ ಪತ್ರ ತಪಾಸಣೆಯಾಗುತ್ತದೆ, ಕೇಸು ನಡೆಯುತ್ತಿದೆ, ಅದರ ಬಗ್ಗೆ ಒಂದಕ್ಷರ ಬರೆಯಬಾರದು. ಕ್ಷಮಿಸಿ ಎಂದು ಬರೆದರೂ ತಪ್ಪೊಪ್ಪಿಗೆ ಆಗಬಹುದಂತೆ. ಮಕ್ಕಳಿಗೆ ಕೇಳಬೇಕಾಗಿದ್ದ ಮಾತು ಅದೊಂದೇ. ಕೊನೆಗೆ ಅವರು ಬರೆದದ್ದು ಮುಕ್ಕಾಲು ಪುಟ. ಅದರಲ್ಲಿ ಒಂದು ಸಾಲು, "ನೀನು ಮತ್ತು ತಮ್ಮ ಏನೂ ತಪ್ಪು ಮಾಡಿಲ್ಲ." ಅಕ್ಕ ಆ ಪತ್ರವನ್ನು ಬ್ಯಾಗಿನ ಒಳಗಿನ ಜಿಪ್ಪಿನಲ್ಲಿ ಇಟ್ಟಳು. ಆಮೇಲೂ ಜಿಪ್ಪು ಎಳೆದು ನೋಡುತ್ತಿದ್ದಳು. ಈಗ ನೋಡುವುದು ಬೇರೆ ಕಾರಣಕ್ಕೆ ಅಂತ ನಾನು ಶಾಲೆಯವರಿಗೆ ಹೇಳಬೇಕಾಯಿತು.

ಮಕ್ಕಳನ್ನು ಜೈಲಿಗೆ ಕರೆದುಕೊಂಡು ಹೋಗಬೇಕಾ? ಎಲ್ಲ ಮಕ್ಕಳಿಗೂ ಅದು ಒಳ್ಳೆಯದು ಅಂತ ನಾನು ಹೇಳುವುದಿಲ್ಲ. ಮನೆಯಲ್ಲಿ ಹೊಡೆತ ತಿಂದ ಮಗುವಿಗೆ ಬೇಡವೇ ಬೇಡ. ತಯಾರಿ ಇಲ್ಲದೆ ಕರೆದುಕೊಂಡು ಹೋದರೆ ಭಯ ಜಾಸ್ತಿಯಾಗುವುದೂ ಉಂಟು. ಇಲ್ಲಿ ಅಕ್ಕನಿಗೆ ಹೋಗಬೇಕಿತ್ತು, ಅಪ್ಪನಿಗೆ ಬೇಡವಾಗಿತ್ತು. "ಮಕ್ಕಳು ನನ್ನನ್ನು ಇಲ್ಲಿ ನೋಡುದು ಬೇಡ" ಎಂದು ಹೇಳಿ ಕಳಿಸಿದ್ದರು. ಮಗಳು ಉತ್ತರ ಬರೆದಳು, "ಜೀಪಿನಲ್ಲಿ ನೋಡಿದ್ದೇನಲ್ಲ. ಅದಕ್ಕಿಂತ ಒಳ್ಳೆಯದಿರಬಹುದು."

ಡಿಸೆಂಬರಿನಲ್ಲಿ ಅವಳು, ಅಮ್ಮ ಇಬ್ಬರೇ ಹೋದರು. ಉಡುಪಿಯಿಂದ ಮಣಿಪಾಲ, ಪರ್ಕಳ, ಆತ್ರಾಡಿ ದಾಟಿ ಹಿರಿಯಡ್ಕ. ಶಕ್ತಿ ಯೋಜನೆಯ ಫ್ರೀ ಟಿಕೆಟು ಸರಕಾರಿ ಬಸ್ಸಿಗೆ ಮಾತ್ರ. ನಮ್ಮಲ್ಲಿ ಓಡುವುದೆಲ್ಲ ಹೆಚ್ಚಾಗಿ ಪ್ರೈವೇಟು, ಹಾಗಾಗಿ ಟಿಕೆಟಿಗೆ ದುಡ್ಡು ಕೊಟ್ಟೇ ಹೋಗಬೇಕು. ಹೋಗುವ ಮೊದಲು ಏನೇನು ಆಗುತ್ತದೆ ಎಂದು ನಾನು ಕಾಗದದಲ್ಲಿ ಚಿತ್ರ ಬರೆದು ತೋರಿಸಿದ್ದೆ: ಆಧಾರ್ ಕಾರ್ಡು ತೋರಿಸುವುದು, ಹೆಸರು ಬರೆಸುವುದು, ಚೀಲ ನೋಡುವುದು, ಕಾಯುವುದು, ಮಾತು, ಗಂಟೆ. ಬ್ಯಾಗು ತರುವುದು ಬೇಡ ಎಂದು ಅವಳೇ ತೀರ್ಮಾನ ಮಾಡಿದಳು. ಒಳಗೆ ಏನಾಯಿತು ಎಂದು ಅವಳು ಹೇಳಲಿಲ್ಲ, ನಾನೂ ಕೇಳಲಿಲ್ಲ. ಹೇಳಿದ್ದು ಇಷ್ಟೇ, "ಪಪ್ಪ ಸಪೂರ ಆಗಿದ್ದಾರೆ. ಗಡ್ಡ ಬಿಟ್ಟಿದ್ದಾರೆ. ನನಗೆ ಗಣಿತದಲ್ಲಿ ಎಷ್ಟು ಅಂತ ಕೇಳಿದ್ರು." ಆ ರಾತ್ರಿ ಹತ್ತು ಗಂಟೆ ಮಲಗಿದಳಂತೆ.

ತಾಯಿ ಜೈಲಿನಲ್ಲಿದ್ದರೆ ಮಗು ಆರು ವರ್ಷದವರೆಗೆ ಜೊತೆಗಿರಬಹುದು ಎಂದು ಸುಪ್ರೀಂ ಕೋರ್ಟು 2006ರಲ್ಲಿ ಆರ್.ಡಿ. ಉಪಾಧ್ಯಾಯ ಪ್ರಕರಣದಲ್ಲಿ ವಿವರವಾದ ನಿಯಮ ಹಾಕಿದೆ. ಊಟ, ಲಸಿಕೆ, ಆಟ, ಎಲ್ಲ ಅದರಲ್ಲಿದೆ. ಗೋಡೆಯ ಹೊರಗೆ ಉಳಿದ ಮಕ್ಕಳ ಬಗ್ಗೆ ಇಷ್ಟು ವಿವರವಾಗಿ ಯಾರೂ ಯೋಚಿಸಿಲ್ಲ. ಮಿಷನ್ ವಾತ್ಸಲ್ಯ ಎಂಬ ಕೇಂದ್ರದ ಮಕ್ಕಳ ರಕ್ಷಣಾ ಯೋಜನೆಯಲ್ಲಿ ತಿಂಗಳಿಗೆ 4,000 ರೂಪಾಯಿಯ ಪ್ರಾಯೋಜಕತ್ವ ಇದೆ, ಹಳ್ಳಿಯವರಾದರೆ ವರ್ಷದ ಆದಾಯ 72,000 ಮೀರಬಾರದು. ಅರ್ಜಿ ಹಾಕಲು ಹೋದಾಗ ಒಂದು ಕಚೇರಿಯಲ್ಲಿ ಅಮ್ಮನಿಗೆ ಕೇಳಿದರಂತೆ, "ಗಂಡ ಸತ್ತದ್ದಾ, ಬಿಟ್ಟು ಹೋದದ್ದಾ?" ಅವರು ಏನು ಹೇಳಬೇಕು? 2015ರ ಬಾಲನ್ಯಾಯ ಕಾಯ್ದೆಯಲ್ಲಿ ಈ ನೆರವು ಯಾರಿಗೆ ಎಂದು ಹೇಳುವ 45ನೇ ಕಲಮಿನಲ್ಲಿ ವಿಧವೆ, ವಿಚ್ಛೇದಿತೆ, ಕುಟುಂಬ ಕೈಬಿಟ್ಟವಳು, ಅನಾಥ ಮಕ್ಕಳು, ಕಾಯಿಲೆ, ಅಪಘಾತ ಎಲ್ಲ ಇದೆ. ಜೈಲು ಎಂಬ ಪದ ಇಲ್ಲ. ಮಕ್ಕಳ ಕಲ್ಯಾಣ ಸಮಿತಿಯ ಮುಂದೆ ಹೋದೆವು. ಅಲ್ಲಿ ತಾಳ್ಮೆಯಿಂದ ಕೇಳಿದರು, ಪೋಷಣೆ ರಕ್ಷಣೆ ಬೇಕಾದ ಮಕ್ಕಳು ಎಂದು ಒಪ್ಪಿದರು. ಮೊದಲ ಕಂತು ಬರುವ ಹೊತ್ತಿಗೆ ವಾರ್ಷಿಕ ಪರೀಕ್ಷೆ ಮುಗಿದಿತ್ತು. ಅಷ್ಟು ದಿನ ಮನೆ ನಡೆದದ್ದು ಅಜ್ಜಿಯ ಗೃಹಲಕ್ಷ್ಮಿಯ 2,000 ಮತ್ತು ಬೀಡಿಯಲ್ಲಿ.

ಹನ್ನೊಂದು ಅಂಗಡಿ

ನವೆಂಬರಿನಿಂದಲೇ ದಾರಿಯ ಕೆಲಸ ಶುರು ಮಾಡಿದ್ದೆವು. ಅಕ್ಕ ಪೇಟೆ ರಸ್ತೆಯ ನಕ್ಷೆ ಬರೆದಳು. ಪ್ರತಿ ಅಂಗಡಿಗೆ ಹತ್ತರಲ್ಲಿ ಎಷ್ಟು ಹೆದರಿಕೆ ಎಂದು ನಂಬರು ಹಾಕಿದಳು. ಸಲೂನಿಗೆ ಮೂರು. "ಅವರು ಎಂತ ಹೇಳುದಿಲ್ಲ, ರೇಡಿಯೋ ಕೇಳ್ತಾರೆ." ಸೈಕಲ್ ರಿಪೇರಿ ನಾಲ್ಕು. ಟೈಲರು, ಜೆರಾಕ್ಸು, ಹಣ್ಣಿನ ಅಂಗಡಿ ಐದಾರು. ಹೋಟೆಲ್ಲಿಗೆ ಎಂಟು, ಏಕೆಂದರೆ ಅಲ್ಲಿಯ ಹುಡುಗ ಅವಳ ಕ್ಲಾಸಿನವನು, "ನಿನ್ನಪ್ಪ ನಮ್ಮ ಹಣ ತಿಂದದ್ದು" ಎಂದಿದ್ದ. ಹೂವಿನ ಅಂಗಡಿಗೆ ಹತ್ತು.

ಕಡಿಮೆ ನಂಬರಿನಿಂದ ಶುರು. ಮೊದಲ ವಾರ ಸಲೂನಿನವರೆಗೆ ಹೋಗಿ ವಾಪಸು, ಅಷ್ಟೇ. ನಿಂತು ಉಸಿರು ಎಣಿಸುವುದು, ಹೆದರಿಕೆ ಮೂರರಿಂದ ಒಂದಕ್ಕೆ ಇಳಿಯುವವರೆಗೆ ಅಲ್ಲೇ ಇರುವುದು. ಹೆದರಿ ಓಡಿದರೆ ಮುಂದಿನ ಸಲ ಹೆದರಿಕೆ ದೊಡ್ಡದಾಗುತ್ತದೆ, ಇಳಿಯುವವರೆಗೆ ನಿಂತರೆ ಸಣ್ಣದಾಗುತ್ತದೆ. ಇದರ ತತ್ವ ಇಷ್ಟೇ. ನಡುವೆ ಒಂದು ಅಕಾಲ ಮಳೆ ಬಂದು ಎರಡು ವಾರದ ಕೆಲಸ ಹಾಳಾಯಿತು. ಹೊಟ್ಟೆನೋವು ಮತ್ತೆ, ಗದ್ದೆ ಹುಣಿ ಮತ್ತೆ.

ಹೂವಿನ ಅಂಗಡಿಯ ಹೆಂಗಸನ್ನು, ಅಮ್ಮನ ಒಪ್ಪಿಗೆ ಪಡೆದು, ನಾನು ಮೊದಲೇ ಭೇಟಿಯಾದೆ. ಮಗಳ ಮದುವೆಗೆ ಕೂಡಿಟ್ಟ ಪಿಗ್ಮಿ ಅವರದ್ದು. ಬಂಧನವಾದ ಮರುದಿನ ಇವರ ಅಂಗಳದಲ್ಲಿ ಬಂದು ಅತ್ತವರು. ಮೊದಲು ಪ್ರತಿ ಶನಿವಾರ ಅಕ್ಕನ ಜಡೆಗೆ ಒಂದು ತುಂಡು ಮಲ್ಲಿಗೆ ಸಿಕ್ಕಿಸುತ್ತಿದ್ದರು. ನಮ್ಮ ಮಲ್ಲಿಗೆಯ ಒಂದು ಚೆಂಡಿನಲ್ಲಿ 800 ಹೂವು, ನಾಲ್ಕು ಚೆಂಡು ಸೇರಿದರೆ ಒಂದು ಅಟ್ಟೆ. ಆ ಲೆಕ್ಕದಲ್ಲಿ ಒಂದು ತುಂಡು ಏನೂ ಅಲ್ಲ, ಆದರೂ. ಅವರು ನನಗೆ ಹೇಳಿದ್ದು, "ಮಗುವಿನ ಮೇಲೆ ಎಂತ ಸಿಟ್ಟು ಮೇಡಂ? ಆದ್ರೆ ಅವಳನ್ನು ನೋಡಿದ್ರೆ ಹೊಟ್ಟೆ ಉರೀತದೆ. ಸುಳ್ಳು ಯಾಕೆ ಹೇಳುದು?" ನಾನು ಅವರಿಂದ ಹೆಚ್ಚಿನದೇನೂ ಕೇಳಲಿಲ್ಲ. ಪೆಟ್ಟು ತಿಂದವರು ಅವರೂ ಹೌದಲ್ಲ.

ಜನವರಿಯ ಒಂದು ಬೆಳಿಗ್ಗೆ ಅಕ್ಕ ಆ ಅಂಗಡಿಯ ಮುಂದೆ ನಡೆದಳು. ನಾನು ಹತ್ತು ಹೆಜ್ಜೆ ಹಿಂದೆ. ಆಕೆ ತಲೆ ಎತ್ತಲಿಲ್ಲ, ಬಾಳೆನಾರಿನಲ್ಲಿ ಹೂ ಕಟ್ಟುತ್ತಲೇ ಇದ್ದರು. ಬೈಯಲೂ ಇಲ್ಲ, ಕರೆಯಲೂ ಇಲ್ಲ. ಶಾಲೆಯ ಗೇಟಿನಲ್ಲಿ ಎಷ್ಟು ಎಂದು ಕೇಳಿದೆ. "ಏಳು," ಎಂದಳು. ಬೆಲ್ಲಿಗೆ ಇನ್ನೂ ನಾಲ್ಕು ನಿಮಿಷ ಇತ್ತು.

ಪಪ್ಪನಿಗೆ ಏಳನೇ ತಿಂಗಳಿಗೆ ಹೈಕೋರ್ಟಿನಿಂದ ಜಾಮೀನು ಸಿಕ್ಕಿತು. ಮನೆಗೆ ಬಂದರೆ ಎಲ್ಲ ಸರಿಯಾಗುತ್ತದೆ ಎಂದು ಅಜ್ಜಿ ನಂಬಿದ್ದರು. ತಮ್ಮ ಮೂರು ದಿನ ಪಪ್ಪನ ಹತ್ತಿರ ಹೋಗಲಿಲ್ಲ, ನಾಲ್ಕನೇ ದಿನದಿಂದ ಬಿಡಲಿಲ್ಲ, ಬಚ್ಚಲಿಗೆ ಹೋದರೂ ಬಾಗಿಲ ಹೊರಗೆ ಕಾಯುತ್ತಾನೆ. ಸ್ಟೂಲಿನ ಆಟ ನಿಂತಿದೆ. ಹಾಸಿಗೆ ಇನ್ನೂ ತಿಂಗಳಿಗೆ ಎರಡು ಮೂರು ಸಲ ಒದ್ದೆಯಾಗುತ್ತದೆ. ಕೇಸು ನಡೆಯುತ್ತಲೇ ಇದೆ, ಶಿಕ್ಷೆಯಾದರೆ ಮತ್ತೆ ಒಳಗೆ. ಇದನ್ನೂ ಮಕ್ಕಳಿಗೆ ಹೇಳಿದ್ದಾರೆ, ಈ ಸಲ ಪಪ್ಪನೇ.

ಪರೀಕ್ಷೆಯ ಕೊನೆಯ ದಿನ ಅಕ್ಕ ನನ್ನ ರೂಮಿಗೆ ಬಂದಳು.

"ಪಪ್ಪ ಪೇಟೆಗೆ ಹೋಗುದಾದ್ರೆ ಗದ್ದೆಯಲ್ಲಿ ಹೋಗ್ತಾರೆ ಟೀಚರ್."

ಕೊಯ್ಲು ಮುಗಿದ ಗದ್ದೆ ಒಣಗಿ ಬಿರುಕು ಬಿಟ್ಟಿತ್ತು. ಈಗ ಹುಣಿಯೇ ಬೇಕೆಂದಿಲ್ಲ, ಎಲ್ಲಿ ಬೇಕಾದರೂ ನಡೆಯಬಹುದು.

"ನೀನು ಏನು ಹೇಳಿದೆ?"

"ಮೊದಲು ಹೂವಿನ ಅಂಗಡಿಗೆ ಹೋಗ್ಬೇಡಿ, ಸಲೂನಿಂದ ಶುರು ಮಾಡಿ ಅಂದೆ. ನಾನು ಜೊತೆಗೆ ಬರ್ತೇನೆ ಅಂದೆ."

ನನಗೆ ನಗುವೂ ಬಂತು, ಹೆದರಿಕೆಯೂ ಆಯಿತು. ತಮ್ಮನನ್ನು ನೋಡಿಕೋ ಅಂದಿದ್ದರು, ಈಗ ಅಪ್ಪನನ್ನೂ ನೋಡಿಕೊಳ್ಳಲು ಹೊರಟಿದ್ದಾಳೆ, ಹತ್ತು ವರ್ಷಕ್ಕೆ. ಪಪ್ಪನ ಜೊತೆ ಸಲೂನಿನವರೆಗೆ ಅಮ್ಮ ಹೋಗಲಿ, ನೀನು ರಜೆಯಲ್ಲಿ ಅಜ್ಜಿಯ ತವರಿಗೆ ಹೋಗಿ ಮಾವಿನ ಹಣ್ಣು ತಿಂದು ಬಾ ಎಂದೆ. ಅವಳು ಒಪ್ಪಿದ ಹಾಗೆ ಕಾಣಲಿಲ್ಲ. ಫೈಲಿನಲ್ಲಿ ಇದನ್ನು ಬರೆದಿಟ್ಟಿದ್ದೇನೆ. ಮುಂದಿನ ಭೇಟಿ ಜೂನ್ ಎರಡನೇ ವಾರ. ಅಷ್ಟು ಹೊತ್ತಿಗೆ ಮಳೆ ಶುರುವಾಗಿರುತ್ತದೆ.